ಹಳದಿ ಚುಕ್ಕಿ

ಸುಮಂಗಲಾ ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು. ಮದುವೆಮನೆಯಲ್ಲಿ ಉಳಿದ ಹೆಂಗಸರು ಮದುಮಗಳ ಸೀರೆ, ಸರ ನೋಡುತ್ತಿದ್ದರೆ ಇವಳು ಮಂಟಪದ ಒಂದು ಕಂಬ ಎಡಕ್ಕೆ ವಾಲಿದ್ದನ್ನು ಕಂಡು ಊಟ ಮುಗಿಯುವವರೆಗೂ ಕಸಿವಿಸಿಪಡುತ್ತಾಳೆ. ಕೊಬ್ಬಿನವಳಲ್ಲ, ಪಾಪ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮುಂದೆ ಕೂತು, ಬಂದದ್ದನ್ನೆಲ್ಲ ಅಳೆದು, ಇದು ಸರಿ, ಇದು ಸರಿಯಿಲ್ಲ ಎಂದು ಬೇರೆ ಮಾಡುತ್ತಾ ಬಂದವಳ ಕಣ್ಣು ಹಾಗಾಗದೆ ಇನ್ನು ಹೇಗಾಗಬೇಕು?

ಬಾಗಲಕೋಟೆ ಕಡೆಯ ಹಳ್ಳಿಯಿಂದ ಮುತ್ತಣ್ಣನ ಕೈಹಿಡಿದು ಬಂದು, ಪೀಣ್ಯದ ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದಾಗ ಅವಳಿಗೆ ಇಪ್ಪತ್ತಮೂರು. ಕೆಲಸಕ್ಕೆ ಸೇರಿದ್ದು ತಯಾರಾದ ಸಾಮಾನನ್ನು ಡಬ್ಬಿಗೆ ತುಂಬುವುದಕ್ಕೆ. ಅವಳು ತುಂಬುವುದನ್ನು ಬಿಟ್ಟು, ಡಬ್ಬಿಗೆ ಹೋಗಬಾರದ್ದನ್ನು ಎತ್ತಿ ಪಕ್ಕಕ್ಕಿಡುತ್ತಾ ಕೂತಳು. ಒಂದು ತಿಂಗಳು ಬೈದ ಸೂಪರ್‌ವೈಸರು ಎರಡನೆಯ ತಿಂಗಳು ಅವಳನ್ನು ಇನ್‌ಸ್ಪೆಕ್ಷನ್ ವಿಭಾಗಕ್ಕೆ ಕರೆದೊಯ್ದು ಕೂರಿಸಿದ. ಅಲ್ಲಿಂದ ಅವಳು ಎದ್ದಿಲ್ಲ. ಅವಳ ಮೇಜಿಗೆ ಬರುವುದು ಬೆರಳುದ್ದದ ಉಕ್ಕಿನ ಕಡ್ಡಿ. ಕಾರಿನ ಟರ್ಬೊ ಎಂಬ ಭಾಗದೊಳಗೆ ಅದು ಕೂರುತ್ತದೆ. ಎಂಜಿನ್ ಬಿಡುವ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ಊದಿಸಿ, ಕಾರಿಗೆ ಕಸುವು ಕೊಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಳಿದ್ದನ್ನು ಬರೆದುಕೊಂಡಿದ್ದಳು, ಅಷ್ಟೇ. ಆ ಕಡ್ಡಿ ಯಾವ ಕಾರಿಗೆ ಹೋಗುತ್ತದೆ, ಹೋಗಿ ಏನು ಮಾಡುತ್ತದೆ ಎಂದು ಕಣ್ಣಾರೆ ಕಂಡವಳಲ್ಲ.

ಅವಳ ಏಪ್ರನ್ ಜೇಬಿನಲ್ಲಿ ಮೂರು ಪೇಂಟ್ ಪೆನ್ನು ಇರುತ್ತವೆ. ಹಸಿರು ಚುಕ್ಕಿ ಇಟ್ಟರೆ ಪಾಸು. ಕೆಂಪಿನಲ್ಲಿ ಎರಡು ಓರೆಗೀಟು ಎಳೆದು ಕತ್ತರಿ ಗುರುತು ಹಾಕಿದರೆ ರಿಜೆಕ್ಟು, ಅದು ಗುಜರಿಗೆ. ಹಳದಿಯ ಕತೆ ಬೇರೆ. ಅಳತೆ ಕೊಂಚ ಹೆಚ್ಚುಕಮ್ಮಿ ಇದೆ, ಆದರೂ ಕೆಲಸಕ್ಕೆ ತೊಂದರೆಯಿಲ್ಲ, ಗೊತ್ತಿದ್ದೂ ಒಪ್ಪಿಕೊಂಡಿದ್ದೇವೆ ಎಂದು ಅದರರ್ಥ. ಹಾಗೆ ಒಪ್ಪಿಕೊಂಡವರು ಕಾಗದಕ್ಕೆ ಸಹಿ ಹಾಕಬೇಕು, ನಾಳೆ ಏನಾದರೂ ಆದರೆ ಹೊಣೆ ಹೊರಬೇಕು. ಸುಮಂಗಲಾ ಹಳದಿ ಪೆನ್ನಿನ ಮುಚ್ಚಳವನ್ನೇ ತೆಗೆದವಳಲ್ಲ. ಪ್ರತಿ ವರ್ಷ ಸ್ಟೋರಿನವರು ಹೊಸದು ಕೊಡುತ್ತಾರೆ, ಪ್ರತಿ ವರ್ಷ ಅದು ಜೇಬಿನಲ್ಲೇ ಒಣಗುತ್ತದೆ. "ಸುಮಂಗಲಾ ಮೇಡಂ ಹಳದಿ ಚುಕ್ಕಿ ಇಟ್ಟ ದಿನ ಕಂಪನಿಗೆ ರಜಾ ಕೊಡ್ಬೇಕು" ಎಂದು ಹುಡುಗರು ಕ್ಯಾಂಟೀನಿನಲ್ಲಿ ನಗುತ್ತಿದ್ದರು.

ಇಂಥವಳ ಕಾರ್ಖಾನೆ ಈ ವರ್ಷ ಪೀಣ್ಯ ಬಿಟ್ಟು ದಾಬಸ್‌ಪೇಟೆಗೆ ಹೊರಟಿತು. ಅಷ್ಟರಲ್ಲಿ ಸುಮಂಗಲಾ, ಮುತ್ತಣ್ಣ ಇಬ್ಬರೂ ಮಾದನಾಯಕನಹಳ್ಳಿಗೆ ಮನೆ ಬದಲಿಸಿದ್ದರು. ಮುತ್ತಣ್ಣ ಅಲ್ಲೇ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಹೊಸ ಜಾಗ ಮೂವತ್ತು ಕಿಲೋಮೀಟರ್ ದೂರ. ಕಂಪನಿ ಬಸ್ಸು ಏಳು ಗಂಟೆಯ ಪಾಳಿಯವರಿಗೆ. ಆದರೆ ಇನ್‌ಸ್ಪೆಕ್ಷನ್‌ನವರು ಪಾಳಿಗಿಂತ ಮೊದಲೇ, ಆರಕ್ಕೇ ಇರಬೇಕು. ಯಂತ್ರದಿಂದ ಬಿದ್ದ ಮೊದಲ ಕಡ್ಡಿಯನ್ನು ಅವರು ನೋಡಿ ಹೂಂ ಅಂದ ಮೇಲೇ ಉಳಿದದ್ದು ಓಡುವುದು. "ಸ್ವಂತ ವ್ಯವಸ್ಥೆ ಮಾಡ್ಕೊಳ್ಳಿ ಮೇಡಂ. ಆಗಲ್ಲ ಅಂದ್ರೆ ಒಂದನೇ ತಾರೀಖಿನ ಒಳಗೆ ಹೇಳಿ, ಲೆಕ್ಕ ಮುಗಿಸಿ ಕಳಿಸ್ತೀವಿ" ಎಂದರು ಆಫೀಸಿನವರು, ಬಹಳ ಮರ್ಯಾದೆಯಿಂದಲೇ. ನಲವತ್ತೈದು ದಾಟಿದವಳಿಗೆ ಇನ್ನೊಂದು ಮೇಜು ಯಾರು ಕೊಡುತ್ತಾರೆ? ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ಸ್ಕೂಟರಿನಲ್ಲಿ ಹೋಗುತ್ತೇನೆಂದರೆ ಮುತ್ತಣ್ಣ ಹೊಸ್ತಿಲಲ್ಲಿ ಅಡ್ಡ ಮಲಗಲು ತಯಾರಿದ್ದ. ಉಳಿದದ್ದು ಕಾರು. ಆಕೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಎರಡು ತಿಂಗಳಾಗಿತ್ತು.

ಹೊಸ ಕಾರಿನ ಕಂತು ಕಟ್ಟುವ ಶಕ್ತಿ ಇಬ್ಬರಿಗೂ ಇಲ್ಲ. ಹಳೆಯ ಕಾರೇ ಆಗಬೇಕು. ಮುತ್ತಣ್ಣನ ಪ್ರಕಾರ ಹಳೆಯ ಕಾರೆಂದರೆ ಬಿಳಿ ಬಣ್ಣ, ಚಿಕ್ಕ ಎಂಜಿನ್ನು, ಲೀಟರಿಗೆ ಇಪ್ಪತ್ತು ಮೈಲೇಜು. ಸುಮಂಗಲಾ ಕೂಡ ಹಾಗೇ ಅಂದುಕೊಂಡಿದ್ದಳು, ಒಂದು ಮಳೆಯ ಸಂಜೆಯವರೆಗೆ. ಅವತ್ತು ಬಸ್ಸು ಸಿಗದೆ ನಿಂತವಳನ್ನು ಡಿಸೈನ್ ವಿಭಾಗದ ದೀಪು ಎಂಬವನು ತನ್ನ ಹಳೆಯ ಕಾರಿನಲ್ಲಿ ಹತ್ತಿಸಿಕೊಂಡ. ಕಾರು ಹುಡುಕುತ್ತಿರುವ ಕತೆಯನ್ನೆಲ್ಲ ದಾರಿಯಲ್ಲಿ ಅವನಿಗೆ ಹೇಳಿದಳು. ಪೀಣ್ಯದ ಮೇಲ್ಸೇತುವೆಯ ಮೇಲೆ ದಾರಿ ಖಾಲಿಯಾಗಿತ್ತು. ಅವನು ಸ್ವಲ್ಪ ಕಾಲು ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಲ್ಲಿಂದಲೋ ಸಣ್ಣಗೆ ಸಿಳ್ಳೆಯಂಥ ಸದ್ದು ಬಂದು, ಯಾರೋ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ನೂಕಿದಂತಾಯಿತು.

"ಇದೇನ್ರಿ ದೀಪು ಸರ್?" ಎಂದಳು, ಸೀಟು ಗಟ್ಟಿಯಾಗಿ ಹಿಡಿದು.

"ಟರ್ಬೊ ಮೇಡಂ! ನೀವು ದಿನಾ ಅಳೀತೀರಲ್ಲ, ಅದೇ. ಇದನ್ನ ಹಾಟ್ ಹ್ಯಾಚ್ ಅಂತಾರೆ. ಹೊರಗಿಂದ ನೋಡಿದ್ರೆ ಮನೆಮಂದಿ ಕಾರು, ಒಳಗೆ ಸಕ್ಕತ್ ಎಂಜಿನ್. ಹೊಸದರಲ್ಲಿ ಮುಟ್ಟೋಕಾಗ್ತಿರ್ಲಿಲ್ಲ. ಹಳೇದಾದ್ಮೇಲೆ ಯಾರಿಗೂ ಬೇಡ, ಎಲ್ರಿಗೂ ಮೈಲೇಜ್ ಬೇಕಲ್ಲ. ನಿಮ್ಮೆಜಮಾನ್ರು ಹೇಳ್ತಿರೋ ಬಿಳಿ ಕಾರಿನ ಬೆಲೆಗೇ ಸಿಗುತ್ತೆ."

ಸುಮಂಗಲಾಗೆ ಕಣ್ಣಲ್ಲಿ ನೀರು ಬಂತು. ಯಾಕೆಂದು ಅವಳಿಗೇ ಗೊತ್ತಾಗದೆ ನಾಚಿಕೆಯಾಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇಪ್ಪತ್ತೆರಡು ವರ್ಷ ಕೂದಲಿನ ಹತ್ತರಲ್ಲೊಂದು ಪಾಲಿಗಾಗಿ ಎಲ್ಲರ ಜೊತೆ ಜಗಳವಾಡಿದ್ದು ಇದಕ್ಕಾಗಿ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು. ರೊಟ್ಟಿ ಮುರಿಯುತ್ತಿದ್ದ ಮುತ್ತಣ್ಣ ಕೈಯಲ್ಲಿದ್ದ ತುಂಡನ್ನು ತಟ್ಟೆಗಿಟ್ಟ.

"ನಿನಗೇನ ಹುಚ್ಚ ಹಿಡದೈತೇನ? ಅದು ಪಡ್ಡೆ ಹುಡುಗ್ರು ಓಡಸೂ ಗಾಡಿ. ಲೀಟರ್ ಪೆಟ್ರೋಲಿಗೆ ಹನ್ನೆರಡ ಕಿಲೋಮೀಟರೂ ಕೊಡೂದಿಲ್ಲ."

"ಹೈವೇದಾಗ ಹದಿನಾಲ್ಕ ಕೊಡ್ತೈತ್ರಿ. ನಮ್ಮ ಇನ್‌ಸ್ಪೆಕ್ಷನ್ನಿನವರು ಇನ್ನಿಬ್ಬರು ಇದ ದಾರ್ಯಾಗ ಅದಾರ, ಎಣ್ಣಿ ಖರ್ಚು ಹಂಚಕೊಂತೀವಿ. ರೀ, ಇಷ್ಟ ವರ್ಷ ನಾ ನನಗಂತ ಏನರ ಬೇಕಂದೇನೇನು?"

ಮುತ್ತಣ್ಣ ನೆನಪು ಮಾಡಿಕೊಳ್ಳಲು ನೋಡಿದ. ಒಂದೂ ನೆನಪಾಗಲಿಲ್ಲ. ಆಮೇಲೆ ಅವನು ಮೈಲೇಜಿನ ಮಾತೆತ್ತಲಿಲ್ಲ.

ಆದರೆ ಬೇಕು ಅನ್ನುವುದು ಸುಲಭ, ಒಪ್ಪುವುದು ಕಷ್ಟ. ಸುಮಂಗಲಾ ಅಂಥ ಹನ್ನೊಂದು ಕಾರು ನೋಡಿದಳು. ಹೆಣ್ಣು ನೋಡಲು ಹೋದ ಗಂಡಿನ ಸೋದರತ್ತೆಯರು ಕೂಡ ಅಷ್ಟು ಕೊಂಕು ತೆಗೆದಿರಲಾರರು. ಒಂದರ ಬಾಗಿಲು ಎರಡು ಕೂದಲಿನಷ್ಟು ಕೆಳಗಿತ್ತು, ಇನ್ನೊಂದರ ಬ್ರೇಕ್ ತಟ್ಟೆ ಸವೆದಿತ್ತು, ಮತ್ತೊಂದರ ಎಂಜಿನ್ನಿನ ದನಿಯಲ್ಲಿ ಅವಳಿಗೆ ಏನೋ ಕೇಳಿಸಿತು, ಬೇರೆ ಯಾರಿಗೂ ಕೇಳಿಸಲಿಲ್ಲ. ಬ್ಯಾಗಿನಿಂದ ಗೇಜ್ ಎಂಬ ಅಳತೆಯ ತಗಡುಗಳನ್ನು ಹೊರತೆಗೆಯುತ್ತಿದ್ದಂತೆ ಬ್ರೋಕರುಗಳು ಒಬ್ಬೊಬ್ಬರಾಗಿ ಫೋನೆತ್ತುವುದನ್ನು ಬಿಟ್ಟರು. ಒಂದನೇ ತಾರೀಖಿಗೆ ಹನ್ನೆರಡು ದಿನ ಉಳಿದಿತ್ತು.

ಆಗ ಮುತ್ತಣ್ಣನ ಗೋದಾಮಿನವರೊಬ್ಬರು ಹೇಳಿದ್ದು ವೆಂಕಟಪ್ಪನವರ ಕಾರಿನ ಸುದ್ದಿ. ಮಾದನಾಯಕನಹಳ್ಳಿಯ ಹಳೇ ಊರಿನವರು, ಎಪ್ಪತ್ತರ ಹತ್ತಿರ ವಯಸ್ಸು. ಪ್ರಾಯದಲ್ಲಿ ಟ್ರ್ಯಾಕ್ಟರ್, ಲಾರಿ ಓಡಿಸಿದವರು. ಆಮೇಲೆ ಹೊಲದಲ್ಲಿ ಗೋದಾಮು ಕಟ್ಟಿಸಿ ಬಾಡಿಗೆಗೆ ಕೊಟ್ಟು, ಅರವತ್ತರ ಹತ್ತಿರ ಬಂದಾಗ ಹಟ ಹಿಡಿದು ಒಂದು ಕಪ್ಪು ಹಾಟ್ ಹ್ಯಾಚ್ ಕೊಂಡರು. ಅದನ್ನು ಹತ್ತು ವರ್ಷ ಬೇರೆ ಯಾರ ಕೈಗೂ ಕೊಟ್ಟಿಲ್ಲ. ಹೆಂಡತಿ ಮುನಿಯಕ್ಕ, "ಅದು ನನ್ ಸವತಿ, ಅದ್ರಾಗೆ ನಾನು ಕಾಲಿಕ್ಕಾಕಿಲ್ಲ" ಎಂದು ಹತ್ತು ವರ್ಷ ಬಸ್ಸಿನಲ್ಲೇ ಓಡಾಡಿದವರು. ಈಗ ಕಾರು ನಿಲ್ಲುವ ಜಾಗದಲ್ಲಿ ಹಸು ಕಟ್ಟಬೇಕೆಂದು ಆಕೆ ಹಟ ಹಿಡಿದಿದ್ದರಿಂದ ಮಾರಾಟಕ್ಕಿದೆಯಂತೆ. ಆದರೆ ಬಂದವರನ್ನೆಲ್ಲ ಮುದುಕ ಏನಾದರೊಂದು ನೆಪ ತೆಗೆದು ಓಡಿಸುತ್ತಾನಂತೆ.

ಶನಿವಾರ ಸಂಜೆ ಸುಮಂಗಲಾ ಕೆಲಸದಿಂದ ನೇರವಾಗಿ ಹೋದಳು, ಏಪ್ರನ್ ಕೂಡ ಬಿಚ್ಚದೆ. ಜೊತೆಗೆ ಮುತ್ತಣ್ಣ. ಹೊಂಗೆ ಮರದ ಕೆಳಗೆ ಕಾರು ನಿಂತಿತ್ತು, ಎಣ್ಣೆ ಹಚ್ಚಿ ತಲೆ ಬಾಚಿದ ಮಗುವಿನ ಹಾಗೆ ಚೊಕ್ಕಟವಾಗಿ. ವೆಂಕಟಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುಮಂಗಲಾಳನ್ನು ನೇರವಾಗಿ ನೋಡದೆ, ಕಿವಿ ಕೊಟ್ಟು ಮಾತಾಡಿದರು.

"ಯಾರಿಗಮ್ಮ ಕಾರು? ನಿನ್ ಯಜಮಾನ್ರಿಗಾ?"

"ಇಲ್ರಿ ಯಜಮಾನ್ರ, ನನಗ. ದಿನಾ ದಾಬಸ್‌ಪೇಟಿಗೆ ಕೆಲಸಕ್ಕ ಹೋಗಬೇಕ್ರಿ."

"ಉಂ... ನೋಡು. ಏನ್ ನೋಡ್ತೀಯೋ ನೋಡ್ಕೊ. ನನ್ ಗಾಡೀಲಿ ಒಂದ್ ತಪ್ಪು ತಗಿ ನೋಡಾಣ."

ಸುಮಂಗಲಾ ನೋಡತೊಡಗಿದಳು. ಟೈರಿನ ಸವೆತ, ಬ್ರೇಕ್ ತಟ್ಟೆ, ಆಯಿಲ್ ಕಡ್ಡಿ. ಎಂಜಿನ್ ಶುರು ಮಾಡಿಸಿ ಕಣ್ಣು ಮುಚ್ಚಿ ಕೇಳಿದಳು. ಟರ್ಬೊದ ಕೊಳವೆಯ ಮೇಲೆ ಬೆರಳಿಟ್ಟಳು. ಹನ್ನೊಂದು ಕಾರಿನಲ್ಲಿ ಸಿಗದ ನೆಮ್ಮದಿ ಇಲ್ಲಿ ಸಿಗತೊಡಗಿತು. ಹತ್ತು ವರ್ಷ ಒಬ್ಬರೇ, ಪ್ರೀತಿಯಿಂದ ನಡೆಸಿದ ಯಂತ್ರದ ದನಿಯೇ ಬೇರೆ. ಸುತ್ತಿಕೊಂಡು ಮುಂಭಾಗದ ಎಡಮೂಲೆಗೆ ಬಂದು, ಬಾನೆಟ್ಟಿಗೂ ಚಕ್ರದ ಮೇಲಿನ ತಗಡಿಗೂ ನಡುವಿನ ಸಂದಿಗೆ ಗೇಜ್ ಇಳಿಸಿದಳು. ಮೇಲೆ ಸರಿಯಾಗಿತ್ತು. ಕೆಳಗೆ ಎರಡು ಮಿಲಿಮೀಟರ್ ಹೆಚ್ಚು. ಮತ್ತೆ ಅಳೆದಳು. ಅದೇ ಎರಡು.

ಆಗ ಆದದ್ದಕ್ಕೆ ಅವಳನ್ನು ಬೈಯುವುದೋ, ಇಪ್ಪತ್ತೆರಡು ವರ್ಷದ ರೂಢಿಯನ್ನು ಬೈಯುವುದೋ ನೀವೇ ಹೇಳಿ. ಮೈಮೇಲೆ ಏಪ್ರನ್ ಇತ್ತು, ಕೈಯಲ್ಲಿ ಗೇಜ್ ಇತ್ತು, ಅಳತೆ ತಪ್ಪಿತ್ತು. ಕೈ ತಾನೇ ಜೇಬಿಗೆ ಹೋಯಿತು, ಮುಚ್ಚಳ ತೆಗೆಯಿತು, ಪರರ ಕಾರಿನ ಮಿರಮಿರ ಮಿಂಚುವ ಕಪ್ಪು ಮೈಮೇಲೆ ಅಂಗೈಯಗಲದ ಕೆಂಪು ರಿಜೆಕ್ಟ್ ಗುರುತು ಎಳೆದು, ಮುಚ್ಚಳ ಹಾಕಿ, ಪೆನ್ನನ್ನು ಜೇಬಿಗೆ ವಾಪಸ್ ಇಟ್ಟಿತು.

"ಏ, ಏನ ಮಾಡಿದಿ ನೀ!" ಎಂದು ಮುತ್ತಣ್ಣ ಕೂಗಿದಾಗಲೇ ಅವಳಿಗೆ ಎಚ್ಚರವಾದದ್ದು.

ಅದೇ ಹೊತ್ತಿಗೆ ಮುನಿಯಕ್ಕ ಕಾಫಿ ಲೋಟಗಳನ್ನು ಹಿಡಿದು ಬಂದರು. ಗುರುತು ನೋಡಿದರು, ಸುಮಂಗಲಾಳ ಸುಟ್ಟ ಬದನೆಯಂತಾದ ಮುಖ ನೋಡಿದರು. "ಇದ್ಯಾಕಮ್ಮ ಕಾರಿಗೆ ಕುಂಕುಮ ಇಕ್ಕಿದ್ದೀಯಾ?"

"ತಪ್ಪಾತ್ರಿ ಅಕ್ಕಾರ, ಕೈ ರೂಢಿ... ಒರಸತೀನ್ರಿ. ಇಲ್ಲಿ ಸಂದಿ ಹೆಚ್ಚ ಐತ್ರಿ. ಲೈಟೂ ಹೊಸಾದು. ಎಲ್ಲೋ ಬಡದೈತಿ ಅಂತ..."

ಮುನಿಯಕ್ಕ ಗಂಡನ ಕಡೆ ಒಮ್ಮೆ ನೋಡಿ, ಹಗುರವಾಗಿ ಹೇಳಿದರು. "ಓ, ಅದಾ? ಗೇಟಿನ ಕಂಬಕ್ಕೆ ನೀರಿನ ಟ್ಯಾಂಕರ್‌ನೋನು ಗುದ್ದಿದ್ನಲ್ಲ. ಆ ಕಂಬ ಉರುಳಿ ಕಾರಿಗೆ ತಾಕಿರ್ಬೇಕು. ಅಲ್ವೇನಯ್ಯಾ?"

ತಪ್ಪಿಸಿಕೊಳ್ಳಲು ಹೆಂಡತಿ ತೆರೆದ ಬಾಗಿಲು ಹೆಬ್ಬಾಗಿಲಿನಷ್ಟಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವೆಂಕಟಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ನನ್ ಗಾಡಿ ಎಲ್ಲೂ ಗುದ್ದಿಲ್ಲ! ಅತ್ತ್ ವರ್ಸ ಒಂದ್ ಗೀಟ್ ಬೀಳದಂಗೆ ಮಡಗಿದ್ದೀನಿ. ಬಂದೋರು ನೋಡ್ಕೊಂಡ್ ಓಗದ್ಬುಟ್ಟು ಬಣ್ಣ ಬಳೀತಾರಂತೆ! ಮಾರಾಕಿಲ್ಲ. ಎದ್ದೋಗ್ರಮ್ಮ."

ಕಾಫಿ ಕುಡಿಯಲೂ ಬಿಡಲಿಲ್ಲ. ಸ್ಕೂಟರಿನಲ್ಲಿ ವಾಪಸ್ ಬರುವಾಗ ಮುತ್ತಣ್ಣ ನಗು ತಡೆಯಲು ಬಹಳ ಕಷ್ಟಪಟ್ಟ. ಹಿಂದೆ ಕೂತವಳು ಅಳುತ್ತಿದ್ದಾಳೆಂದು ಗೊತ್ತಾದ ಮೇಲೆ ನಗು ತಾನಾಗಿ ನಿಂತಿತು.

"ಹೋಗ್ಲಿ ಬಿಡ. ಬ್ಯಾರೆ ಸಿಗ್ತೈತಿ."

"ಅದ ಬೇಕಾಗಿತ್ರಿ" ಎಂದಳು ಸುಮಂಗಲಾ. "ಎರಡ ಮಿಲಿಮೀಟರ್. ಎರಡ ಮಿಲಿಮೀಟರಿಗೆ ಹಾಳ ಮಾಡಕೊಂಡೆ."

ರಾತ್ರಿಯೆಲ್ಲ ಯೋಚನೆ ಮಾಡಿ, ಭಾನುವಾರ ಬೆಳಿಗ್ಗೆ ಒಬ್ಬಳೇ ಹೊರಟಳು. ಕಾರು ಸಿಗದಿದ್ದರೆ ಬೇಡ, ಮಾಡಿದ ಗಲೀಜನ್ನಾದರೂ ಒರೆಸಿ ಬರಬೇಕು. ಬಾಟಲಿಯಲ್ಲಿ ಚೂರು ಪೆಟ್ರೋಲು, ಕಾರ್ಖಾನೆಯಲ್ಲಿ ಒರೆಸಲು ಬಳಸುವ ಮೆತ್ತನೆಯ ಬನಿಯನ್ ಬಟ್ಟೆ. ವೆಂಕಟಪ್ಪ ಅದೇ ಕುರ್ಚಿಯಲ್ಲಿದ್ದರು.

"ಯಾರು?"

"ನಾನ್ರಿ. ನಿನ್ನೆ ಕೆಂಪ ಹಚ್ಚಿದಾಕಿ. ಒರಸಾಕ ಬಂದೀನ್ರಿ."

ಎದುರಿಗೇ, ಮೂರು ಮಾರು ದೂರದಲ್ಲಿ, ಹಗಲು ಬೆಳಕಿನಲ್ಲಿ ನಿಂತಿದ್ದಳು. ಆದರೂ ಯಾರು ಎಂದು ಕೇಳಿದರು. ಸುಮಂಗಲಾಗೆ ಒಂದು ಅಳತೆ ಹೊಂದಿಕೆಯಾಗದೆ ಹೋಯಿತು. ಅವಳು ಬಟ್ಟೆ ನೆನೆಸಿ ಒರೆಸಿದಳು. ಗುರುತು ಪೂರ್ತಿ ಹೋಯಿತು. ಮುದುಕರು ಎದ್ದು ಬಂದು, ಕಾರಿನ ಮೈ ಸವರುತ್ತಾ ಪಕ್ಕದಲ್ಲಿ ನಿಂತರು. ನಿನ್ನೆಯ ಸಿಟ್ಟು ಇಳಿದಿತ್ತು.

"ಎಲ್ಲೈತೆ ಆ ಸಂದಿ? ತೋರ್ಸು."

ಅವಳು ಅವರ ಬೆರಳು ಹಿಡಿದು ಸಂದಿಯ ಮೇಲಿಂದ ಕೆಳಗೆ ಜಾರಿಸಿದಳು. ಬೆರಳು ಕೆಳಗೆ ಬಂದು ನಿಂತಿತು. "ಊಂ ಕಣಮ್ಮ, ಐತೆ" ಎಂದರು ಮೆಲ್ಲಗೆ. "ಮೆಕ್ಯಾನಿಕ್ ನೋಡ್ಲಿಲ್ಲ. ಏಳು ಜನ ತಗೊಳಾಕೆ ಬಂದೋರು ನೋಡ್ಲಿಲ್ಲ. ನಿನ್ ಕಣ್ಣು ಬಾರಿ ಚೆನ್ನಾಗೈತೆ. ಗಾಡಿ ಅತ್ತು, ಓಡ್ಸು. ನಾನು ಪಕ್ಕದಾಗೆ ಕೂತ್ಕಂತೀನಿ."

ಗೇಟಿನಲ್ಲೇ ಎರಡು ಸಲ ಎಂಜಿನ್ ನಿಂತುಹೋಯಿತು. ಸುಮಂಗಲಾ ಬೆವೆತಳು. ಬೈಯುತ್ತಾರೆಂದುಕೊಂಡರೆ ವೆಂಕಟಪ್ಪ ಬೈಯಲಿಲ್ಲ. "ಎದ್ರುಕೋಬ್ಯಾಡ. ಕೆಳಗೆ ನೋಡ್ಬ್ಯಾಡ, ಕೇಳು. ಅದೇ ಯೋಳ್ತದೆ ಯಾವಾಗ ಗೇರ್ ಬದ್ಲಾಯಿಸ್ಬೇಕು ಅಂತ." ಕೇಳುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಊರ ಬೀದಿ ದಾಟುವಷ್ಟರಲ್ಲಿ ಕಾಲು ಕ್ಲಚ್ಚಿಗೆ ಹೊಂದಿಕೊಂಡಿತು. ಮುದುಕರು ಕಣ್ಣು ಮುಚ್ಚಿಕೊಂಡೇ, "ಈಗೊಂದು ಹಂಪ್ ಬತ್ತದೆ... ಬಲಕ್ಕೆ ಗುಂಡಿ ಐತೆ, ಎಡಕ್ ತಗೋ" ಎನ್ನುತ್ತಿದ್ದರು. ಒಂದೂ ತಪ್ಪಲಿಲ್ಲ. ಇವರು ಎಷ್ಟು ತಿಂಗಳು ಹೀಗೆ ನೆನಪಿನ ಮೇಲೇ ಕಾರು ಓಡಿಸಿರಬೇಕು ಎಂದು ಸುಮಂಗಲಾಗೆ ಆಗ ಹೊಳೆಯಿತು.

ತುಮಕೂರು ರಸ್ತೆಗೆ ಬಂದರು. ನೆಲಮಂಗಲ ದಾಟಿದ ಮೇಲೆ ದಾರಿ ತೆರವಾಯಿತು. "ಮೂರನೇ ಗೇರ್ನಾಗೇ ಇರು. ಈಗ ಒತ್ತು" ಎಂದರು. ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಸಣ್ಣ ಸಿಳ್ಳೆ, ಬೆನ್ನಿಗೆ ಆ ಕೈ. ಈ ಸಲ ಅದು ಅವಳದೇ ಕಾಲಿನ ಮಾತು ಕೇಳಿ ಬಂದಿತ್ತು. ಸುಮಂಗಲಾ ಬಾಯಿಬಿಟ್ಟು ನಕ್ಕಳು. ಎಷ್ಟೋ ವರ್ಷದಿಂದ ಹಾಗೆ ನಕ್ಕಿರಲಿಲ್ಲ. ಪಕ್ಕಕ್ಕೆ ನೋಡಿದರೆ ಮುದುಕರೂ ನಗುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ತಿರುಗಿ ಬರುವಾಗ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕತ್ತು ವಾಲಿಸಿ ಕೇಳಿದರು. "ಕೆಂಪೋ, ಅಸುರೋ?"

"ಕೆಂಪ್ರಿ." ಸುಮಂಗಲಾ ಅವರ ಕಡೆ ತಿರುಗಿ ಕೇಳಿದಳು. "ಯಜಮಾನ್ರ, ಎಷ್ಟ ಕಾಣತೈತ್ರಿ ನಿಮಗ?"

"ಬೆಳಕು ಕಾಣ್ತದೆ. ಆಕಾರ ಕಾಣ್ತದೆ. ಕಣ್ಣಿನ ನರ ಒಣಗೋಗೈತಂತೆ, ಆಪ್ರೇಸನ್ ಮಾಡಿದ್ರೂ ಬರಾಕಿಲ್ಲ ಅಂದವ್ರೆ. ಗೇಟಿನ ಕಂಬಕ್ಕೆ ಗುದ್ದಿದ್ದು ನಾನೇ. ಅವತ್ತು ಕಂಬದ ಬದ್ಲು ಯಾರಾದ್ರೂ ಮನುಸ ನಿಂತಿದ್ದಿದ್ರೆ ಅಂತ ಈಗ್ಲೂ ಎದೆ ಅದುರ್ತದೆ. ಅವಳಿಗೆ ಯೋಳಿಲ್ಲ. ಪೊರೆ, ಬ್ಯಾಸ್ಗೆ ಕಳೀಲಿ ತಗಸ್ತೀನಿ ಅಂದಿದ್ದೀನಿ. ಬೋ ಎದ್ರುಕತ್ತಾಳೆ ಕಣಮ್ಮ."

"ಹೇಳ್ರಿ. ನಾ ಇಪ್ಪತ್ತೆರಡ ವರ್ಷದಿಂದ ನೋಡಾಕತ್ತೀನಿ. ಮುಚ್ಚಿಟ್ಟ ಸಣ್ಣ ತಪ್ಪ ದೊಡ್ಡದನ್ನ ಮುರೀತೈತ್ರಿ. ತೋರಿಸಿದ್ದು ಮುರಿಯೂದಿಲ್ಲ."

ಮನೆ ತಲುಪಿದಾಗ ಮುನಿಯಕ್ಕ ಗೇಟಿನಲ್ಲೇ ನಿಂತಿದ್ದರು. ವೆಂಕಟಪ್ಪ ಕಾರಿನಿಂದ ಇಳಿದು, ಬಾಗಿಲು ಹಿಡಿದುಕೊಂಡೇ, ನೆಲ ನೋಡುತ್ತಾ ಎಲ್ಲವನ್ನೂ ಹೇಳಿದರು. ಕಣ್ಣಿನ ನರದ್ದು, ಕಂಬದ್ದು, ಟ್ಯಾಂಕರಿನವನ ಮೇಲೆ ಹೊರಿಸಿದ್ದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರಿಗೇನು ಗೊತ್ತಾಗದೆ ಇರುತ್ತದೆಯೇ?

"ಗೊತ್ತು ಕಣಯ್ಯಾ" ಎಂದರು ಮುನಿಯಕ್ಕ. "ಕಂಬ ಬಿದ್ದಿದ್ದು ಮಂಗ್ಳಾರ. ಟ್ಯಾಂಕರ್ ಬಂದಿದ್ದು ಬೇಸ್ತುವಾರ."

ವೆಂಕಟಪ್ಪ ತಲೆಯೆತ್ತಿದರು. "ಮತ್ತೆ ಅವನನ್ನ ಬೀದಿಯೆಲ್ಲ ಕೇಳಂಗೆ ಬೈದಲ್ಲೇ!"

"ನಿಂಗೆ ಕೇಳ್ಲಿ ಅಂತ ಬೈದೆ. ಆಮ್ಯಾಕೆ 'ಬ್ಯಾಸರ ಮಾಡ್ಕೋಬ್ಯಾಡ ಕಣಪ್ಪ, ಒಬ್ರು ಮಾನ ಉಳಿಸ್ಬೇಕು' ಅಂತ ಇತ್ಲಲ್ಲಿ ಕೂರ್ಸಿ ಮುದ್ದೆ ಉಣ್ಣಾಕಿಕ್ಕಿ ಕಳಿಸ್ದೆ. ಆಸ್ಪತ್ರೆ ಚೀಟೀನೂ ನೀನು ಮಡಗಿದ್ ದಿನಾನೇ ಪಕ್ಕದ್ಮನೆ ಉಡುಗಿ ಕೈಲಿ ಓದಿಸ್ಕಂಡೆ. ಇನ್ಯಾತಕ್ಕೆ ಕಾರು ಮಾರು ಅಂದೆ? ಈ ವಯಸ್ನಾಗೆ ನಂಗ್ಯಾತಕ್ಕಯ್ಯಾ ಅಸ?"

ಸುಮಂಗಲಾ ಬೇರೆಯವರ ಮನೆಯ ಮಾತಿನ ನಡುವೆ ನಿಂತುಕೊಂಡದ್ದಕ್ಕೆ ಮುಜುಗರಪಟ್ಟು, ಮಾಡಲು ಬೇರೆ ಏನೂ ತೋಚದೆ, ಬ್ಯಾಗಿನಲ್ಲಿ ಮಡಚಿಟ್ಟಿದ್ದ ಏಪ್ರನ್ನಿನ ಜೇಬಿನಿಂದ ಹಳದಿ ಪೆನ್ನು ತೆಗೆದಳು. ಈ ವರ್ಷದ್ದು, ಇನ್ನೂ ಒಣಗಿರಲಿಲ್ಲ. ಎಡಮೂಲೆಯ ಸಂದಿಯ ಪಕ್ಕದಲ್ಲಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ ಒಂದು ಚುಕ್ಕಿ ಇಟ್ಟಳು.

"ಮತ್ಯಾಕಮ್ಮ ಬಣ್ಣ?" ಎಂದರು ಮುನಿಯಕ್ಕ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ.

"ಇದು ರಿಜೆಕ್ಟ್ ಅಲ್ರಿ ಅಕ್ಕಾರ. ಅಳತಿ ಚೂರ ತಪ್ಪೈತಿ, ನನಗ ಗೊತ್ತೈತಿ, ಹಿಂಗ ಇರಲಿ, ನಾ ಒಪ್ಪಕೊಂಡೀನಿ ಅಂತ. ಹಳದಿ ಇಟ್ಟವ್ರು ಸಹಿ ಹಾಕಬೇಕ್ರಿ. ಕಾರಿನ ಕಾಗದ ಕೊಡ್ರಿ, ಹಾಕತೀನಿ."

ಮುನಿಯಕ್ಕ ಚುಕ್ಕಿಯನ್ನು ನೋಡಿದರು, ಗಂಡನನ್ನು ನೋಡಿದರು. "ಅಂಗಾದ್ರೆ ಈ ಮುದುಕನ್ಗೂ ಒಂದಿಕ್ಬುಡು ತಾಯಿ. ಸಹಿ ನಾನಾಕ್ತೀನಿ."

ವೆಂಕಟಪ್ಪ ಗೊಣಗುತ್ತಲೇ ಕೈ ಮುಂದೆ ಚಾಚಿದರು. ಸುಮಂಗಲಾ ಅವರ ಹೆಬ್ಬೆರಳಿನ ಉಗುರಿನ ಮೇಲೆ ಹಳದಿ ಚುಕ್ಕಿ ಇಟ್ಟಳು. ಬೆಲೆಯ ಮಾತಿನಲ್ಲಿ ಮುದುಕರು ಚೌಕಾಸಿ ಮಾಡಲಿಲ್ಲ, ಒಂದು ಷರತ್ತು ಮಾತ್ರ ಹಾಕಿದರು: ಭಾನುವಾರಕ್ಕೊಮ್ಮೆ ಬಂದು ತಮ್ಮನ್ನು ಒಂದು ಸುತ್ತು ಕರೆದೊಯ್ಯಬೇಕು.

ಒಂದನೇ ತಾರೀಖು ಆರಕ್ಕೆ ಹತ್ತು ನಿಮಿಷ ಇರುವಾಗ ದಾಬಸ್‌ಪೇಟೆಯ ಹೊಸ ಗೇಟಿನಲ್ಲಿ ಕಪ್ಪು ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಷನ್ನಿನ ಇಬ್ಬರು ಹೆಂಗಸರು ದೇವರನ್ನು ನೆನೆಯುತ್ತಾ ಕೂತಿದ್ದರು. "ಯಾರ ಕಾರು ಮೇಡಂ?" ಎಂದು ಸೆಕ್ಯುರಿಟಿಯವನು ಪುಸ್ತಕ ತೆರೆದ. "ನನ್ನದ" ಎಂದಳು ಸುಮಂಗಲಾ. ಅವನಿಗೆ ಕೇಳಿಸಿದರೂ ಇನ್ನೊಂದು ಸಲ ಹೇಳಿದಳು.

ಆ ವಾರದ ಭಾನುವಾರ ಮಾತಿನಂತೆ ಹೋದಳು. ವೆಂಕಟಪ್ಪ ಬಿಳಿ ಅಂಗಿ ತೊಟ್ಟು ತಯಾರಾಗಿ ನಿಂತಿದ್ದರು. ಅವರು ಮುಂದೆ ಹತ್ತಿ ಕೂತ ಮೇಲೆ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಮುನಿಯಕ್ಕ ಚಪ್ಪಲಿ ಕೈಯಲ್ಲಿ ಹಿಡಿದು, ಗುಡಿಯೊಳಗೆ ಹೋಗುವವರಂತೆ, ಬಲಗಾಲಿಟ್ಟು ಕಾರಿನೊಳಗೆ ಬಂದರು. ಹತ್ತು ವರ್ಷದಲ್ಲಿ ಇದೇ ಮೊದಲು. ಸುಮಂಗಲಾ ಗೇರ್ ಹಾಕಿದಳು.

ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ವೆಂಕಟಪ್ಪ ರೂಢಿಯಂತೆ ಕತ್ತು ವಾಲಿಸಿದರು, ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಮುನಿಯಕ್ಕನ ಕೈ ಬಂದು ಅವರ ಹೆಗಲ ಮೇಲೆ ಕೂತಿತು.

"ಇನ್ನೂ ಕೆಂಪು ಕಣಯ್ಯಾ, ತಡಿ" ಎಂದರು. ಸ್ವಲ್ಪ ಹೊತ್ತಿಗೆ, "ಆಂ, ಅಸುರು ಬಂತು."

"ಗಾಡಿ ಬುಡಮ್ಮ" ಎಂದರು ವೆಂಕಟಪ್ಪ. ಸುಮಂಗಲಾ ಬಿಟ್ಟಳು.